ತಲೆಕೆಳಗು ಹಾರಾಟದ ಇಂಧನ ವ್ಯವಸ್ಥೆ

ಚಕ್ರ ಮೇಲೆ, ಬೆನ್ನು ಕೆಳಗೆ ಮಾಡಿಕೊಂಡು ಹಾರುವ ವಿಮಾನದ ಎಂಜಿನ್‌ಗೆ ಪೆಟ್ರೋಲು ತಡೆಯಿಲ್ಲದೆ ಸಿಗುವಂತೆ ಮಾಡುವ ಟ್ಯಾಂಕು, ಕೊಳವೆ, ಪಂಪು, ಕವಾಟಗಳ ಒಟ್ಟು ಏರ್ಪಾಟು. ತಲೆಕೆಳಗಾಗಿಯೇ ಹಾರುತ್ತ ಉಳಿಯಬೇಕಾದ ಕಸರತ್ತಿನ ವಿಮಾನಗಳಿಗೆ ಇದು ಬೇಕು. ನಕ್ಷೆಯನ್ನೋ ಕಿಟ್ಟನ್ನೋ ಕೊಂಡು ಹವ್ಯಾಸಿಗಳು ತಮ್ಮ ಶೆಡ್ಡಿನಲ್ಲೇ ಕಟ್ಟಿಕೊಳ್ಳುವ ಸಣ್ಣ ವಿಮಾನಗಳಲ್ಲಂತೂ ಟ್ಯಾಂಕಿನ ತಗಡು ಕತ್ತರಿಸುವ ಮೊದಲೇ ಇದನ್ನು ತೀರ್ಮಾನಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಬೆಂಗಳೂರಿನ ಎಚ್‌ಎಎಲ್, ಯಲಹಂಕ ಮತ್ತು ಬೀದರ್‌ಗಳಲ್ಲಿ. ಹೊಸಪೇಟೆ, ಸಂಡೂರು ಕಡೆಯವರು ನೋಡುವುದು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬಂದುಹೋಗುವ ಪ್ರಯಾಣಿಕರ ವಿಮಾನವನ್ನು, ಹಂಪಿ ಉತ್ಸವದ ಹೊತ್ತಿಗೆ ಜನರನ್ನು ಸುತ್ತಾಡಿಸುವ ಹೆಲಿಕಾಪ್ಟರನ್ನು. ಎರಡೂ ಮಗುಚಿ ಹಾರುವ ಜಾತಿಯವಲ್ಲ.

ವಿಮಾನ ಮಗುಚಿದ ಮಾತ್ರಕ್ಕೆ ಪೆಟ್ರೋಲು ನಿಲ್ಲುವುದಿಲ್ಲ. ಪೆಟ್ರೋಲಿಗೆ ಆಕಾಶ ಯಾವ ಕಡೆ, ನೆಲ ಯಾವ ಕಡೆ ಎಂಬುದು ಗೊತ್ತಿಲ್ಲ. ಗೊತ್ತಾಗುವುದು ವೇಗೋತ್ಕರ್ಷ ಮಾತ್ರ. ಲೂಪ್ ಹೊಡೆಯುವ ಪೈಲಟ್ ವೃತ್ತದ ತುತ್ತತುದಿಯಲ್ಲಿ ತಲೆಕೆಳಗಾಗಿದ್ದರೂ ನಿಯಂತ್ರಣ ಕಡ್ಡಿಯನ್ನು ಹಿಂದಕ್ಕೆ ಎಳೆದೇ ಇರುತ್ತಾನೆ. ಆಗ ಅವನೂ ಪೆಟ್ರೋಲೂ ವಿಮಾನದ ತಳದ ಕಡೆಗೇ ಒತ್ತಿಕೊಂಡಿರುತ್ತಾರೆ, ಅಂದರೆ ಅದು ಪಾಸಿಟಿವ್ ಜಿ. ಅಮೆರಿಕದ ಪೈಲಟ್ ಬಾಬ್ ಹೂವರ್ ಬ್ಯಾರೆಲ್ ರೋಲ್ ಮಾಡುತ್ತಲೇ ಒಂದು ಹನಿ ಚೆಲ್ಲದೆ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದುದು ಈ ಬಲದಿಂದಲೇ. ತೊಂದರೆ ಶುರುವಾಗುವುದು ತಲೆಕೆಳಗಾಗಿಯೇ ನೇರ ಹಾರುತ್ತ ಹೋದಾಗ, ಇಲ್ಲವೇ ಕಡ್ಡಿಯನ್ನು ಮುಂದಕ್ಕೆ ದೂಡಿದಾಗ. ಪೈಲಟ್ ಬೆಲ್ಟಿಗೆ ಜೋತುಬೀಳುತ್ತಾನೆ, ಪೆಟ್ರೋಲು ಟ್ಯಾಂಕಿನ ಚಾವಣಿಗೆ ಹೋಗಿ ಕೂರುತ್ತದೆ. ಪೈಲಟ್‌ಗಳು ನೆಗೆಟಿವ್ ಜಿ ಅನ್ನುವುದು ಇದಕ್ಕೆ. ಇಡೀ ವ್ಯವಸ್ಥೆ ಇರುವುದೇ ಈ ಸ್ಥಿತಿಗಾಗಿ.

ಫ್ಲೋಟ್ ಕಾರ್ಬೊರೇಟರಿನ ಮಿತಿ

ಹಳೆಯ ವಿಮಾನಗಳ ಕಾರ್ಬೊರೇಟರಿಗೂ ಹಳೆಯ ಬೈಕಿನ ಕಾರ್ಬೊರೇಟರಿಗೂ ತತ್ವ ಒಂದೇ. ಸಣ್ಣ ಬಟ್ಟಲಿನಲ್ಲಿ ಪೆಟ್ರೋಲು, ಅದರ ಮೇಲೆ ತೇಲುವ ಫ್ಲೋಟ್. ಮಟ್ಟ ಏರಿದರೆ ಫ್ಲೋಟ್ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಬೈಕ್ ಅಡ್ಡ ಬಿದ್ದಾಗ ಪೆಟ್ರೋಲು ಸೋರುವುದು ಫ್ಲೋಟಿಗೆ ದಿಕ್ಕು ತಪ್ಪುವುದರಿಂದ. ನೆಗೆಟಿವ್ ಜಿ ಬಂದಾಗ ಈ ಬಟ್ಟಲಿನಲ್ಲಿ ಎರಡು ಅನಾಹುತಗಳು ಒಂದರ ಹಿಂದೊಂದು ನಡೆಯುತ್ತವೆ. ಮೊದಲು ಪೆಟ್ರೋಲು ಮೇಲಕ್ಕೆ ಹೋಗಿ ತಳದ ಜೆಟ್ ಬರಿದಾಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಮರುಕ್ಷಣ ಫ್ಲೋಟ್ ತಪ್ಪು ಕಡೆಗೆ ಸರಿದು ಸೂಜಿ ಪೂರ್ತಿ ತೆರೆದುಕೊಳ್ಳುತ್ತದೆ, ಪಂಪಿನ ಒತ್ತಡಕ್ಕೆ ಬಟ್ಟಲು ಉಕ್ಕಿ ಎಂಜಿನ್ ಪೆಟ್ರೋಲಿನಲ್ಲೇ ಮುಳುಗುತ್ತದೆ. ಎರಡನೆಯ ಹೊಡೆತವೇ ಹೆಚ್ಚು ಕೆಟ್ಟದ್ದು.

1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ಪೈಲಟ್‌ಗಳು ಇದನ್ನು ಯುದ್ಧದ ನಡುವೆ ಕಲಿತರು. ಜರ್ಮನ್ ಮೆಸ್ಸರ್‌ಶ್ಮಿಟ್‌ಗಳ ಎಂಜಿನ್‌ನಲ್ಲಿ ನೇರ ಇಂಜೆಕ್ಷನ್ ಇತ್ತು. ಅವು ಮೂಗು ತಗ್ಗಿಸಿ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದವು. ಬೆನ್ನಟ್ಟಿದ ಬ್ರಿಟಿಷ್ ವಿಮಾನಗಳ ಮರ್ಲಿನ್ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಫಾರ್ನ್‌ಬರೋದ ಸಂಶೋಧನಾ ಕೇಂದ್ರದ ಎಂಜಿನಿಯರ್ ಬೀಟ್ರಿಸ್ ಶಿಲ್ಲಿಂಗ್ 1941ರಲ್ಲಿ ಇದಕ್ಕೆ ಕೊಟ್ಟ ಮದ್ದು ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ. ಎಂಜಿನ್ ಪೂರ್ಣ ಶಕ್ತಿಯಲ್ಲಿ ಕುಡಿಯುವಷ್ಟನ್ನೇ ಒಳಬಿಟ್ಟು, ಉಕ್ಕುವುದನ್ನು ಅದು ತಡೆಯಿತು. ಇದರಿಂದ ಧುಮುಕಲು ಸಾಧ್ಯವಾಯಿತೇ ಹೊರತು ತಲೆಕೆಳಗಾಗಿ ಉಳಿಯಲು ಆಗಲಿಲ್ಲ. ಬಟ್ಟಲಿನ ಮೊದಲ ಅನಾಹುತ ಹಾಗೇ ಉಳಿದಿತ್ತು. ಇಷ್ಟು ಅಗ್ಗದ ಪರಿಹಾರ ವಿಮಾನ ತಂತ್ರಜ್ಞಾನದಲ್ಲಿ ಅಪರೂಪ.

ಎಚ್‌ಎಎಲ್‌ನ ಮೊದಲ ತರಬೇತಿ ವಿಮಾನ ಎಚ್‌ಟಿ-2 ಈ ಕಾರ್ಬೊರೇಟರ್ ಯುಗದ ಕೂಸು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಹಾರಿದ ಮೊದಲ ಮಾದರಿಗೆ ಜಿಪ್ಸಿ ಮೇಜರ್ ಎಂಜಿನ್ ಇತ್ತು, ಮುಂದಿನವುಗಳಿಗೆ ಸಿರಸ್ ಮೇಜರ್. ಎರಡರಲ್ಲೂ ಸಿಲಿಂಡರ್‌ಗಳು ಕ್ರ್ಯಾಂಕಿನ ಕೆಳಗೆ ನೇತಾಡುತ್ತಿದ್ದವು. ಹಾಗಾಗಿ ಅವುಗಳನ್ನು ತಲೆಕೆಳಗು ಎಂಜಿನ್ ಎಂದು ಕರೆಯುವ ವಾಡಿಕೆಯಿದೆ. ಅದಕ್ಕೂ ತಲೆಕೆಳಗು ಹಾರಾಟಕ್ಕೂ ಸಂಬಂಧವಿಲ್ಲ: ಪೈಲಟ್‌ಗೆ ಮುಂದಿನ ನೋಟ ಚೆನ್ನಾಗಿ ಕಾಣಲಿ, ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರಲಿ ಎಂದು ಮಾಡಿದ ಜೋಡಣೆ ಅದು. ಜಿಪ್ಸಿ ಮೇಜರ್ ಇದ್ದ ಟೈಗರ್ ಮಾತ್ ಮಗುಚಿದರೆ ಎಂಜಿನ್ ನಿಂತು, ಪೈಲಟ್ ತಲೆಕೆಳಗಾಗಿ ತೇಲುತ್ತ ಇಳಿಯಬೇಕಿತ್ತು. ವಾಯುಪಡೆಯ ಎಚ್‌ಟಿ-2ಗಳಿಗೆ ಮುಂದೆ ಲೈಕೋಮಿಂಗ್ ಎಇಐಒ-320 ಎಂಜಿನ್ ಕೂರಿಸಲಾಯಿತು. ಹೆಸರಿನ ಮೊದಲ ಎರಡು ಅಕ್ಷರ ಕಸರತ್ತಿಗೆ ತಕ್ಕ ಎಂಜಿನ್ ಎಂದೂ ಮೂರನೆಯದು ಇಂಜೆಕ್ಷನ್ ಎಂದೂ ಸೂಚಿಸುತ್ತವೆ.

ಟ್ಯಾಂಕಿನಿಂದ ಎತ್ತುವ ಬಗೆ

ಕಮಲಾಪುರದ ಕೆರೆಗೆ ತೂಬು ಇರುವುದು ತಳದಲ್ಲಿ. ನೀರು ತಾನಾಗಿ ಅಲ್ಲಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ್ದು. ಸಾಮಾನ್ಯ ವಿಮಾನದ ಟ್ಯಾಂಕಿಗೂ ಅದೇ ನಂಬಿಕೆ. ಮಗುಚುವ ಟ್ಯಾಂಕಿನಲ್ಲಿ ತೂಬೇ ಪೆಟ್ರೋಲಿನ ಹಿಂದೆ ಹೋಗಬೇಕು. ಅದನ್ನು ಮಾಡುವುದು ಫ್ಲಾಪ್ ಟ್ಯೂಬ್: ಬಾಗುವ ಮೆದು ಕೊಳವೆ, ತುದಿಗೆ ಸೋಸುವ ಬಲೆ ಹೊದ್ದ ಲೋಹದ ಭಾರ. ಪೆಟ್ರೋಲು ಯಾವ ಕಡೆ ಜರುಗಿತೋ ಭಾರವೂ ಅತ್ತ ಬೀಳುತ್ತದೆ. ಮಾದರಿ ವಿಮಾನ ಹಾರಿಸುವ ಹುಡುಗರಿಗೆ ಇದು ಹೊಸದಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಟ್ಯಾಂಕಿನೊಳಗೆ ಇದೇ ಬಗೆಯ ಭಾರ ಟಕ್ ಎಂದು ಬಡಿಯುವುದರಿಂದ ಅದನ್ನು ಕ್ಲಂಕ್ ಅನ್ನುತ್ತಾರೆ.

ನೋಡಲು ಸರಳ, ಕಟ್ಟುವಾಗ ಹಟಮಾರಿ. ಕೊಳವೆ ಗಿಡ್ಡವಾದರೆ ಮೂಲೆ ಮುಟ್ಟುವುದಿಲ್ಲ, ಉದ್ದವಾದರೆ ಮಡಚಿಕೊಂಡು ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಕರ್ಟಿಸ್ ಪಿಟ್ಸ್ 1940ರ ದಶಕದಲ್ಲಿ ರೂಪಿಸಿದ, ಮುಂದೆ ನಕ್ಷೆಯಾಗಿ ಮಾರಾಟವಾಗಿ ಜಗತ್ತಿನ ಎಷ್ಟೋ ಗ್ಯಾರೇಜುಗಳಲ್ಲಿ ಹುಟ್ಟಿದ ಪಿಟ್ಸ್ ಎಸ್-1 ದ್ವಿಫಲಕ ವಿಮಾನದಲ್ಲಿ ಟ್ಯಾಂಕು ಪೈಲಟ್‌ನ ಮೊಣಕಾಲಿನ ಮುಂದೆ, ಒಡಲೊಳಗೆ ಇದೆ. ಡಬ್ಬಿಯಂಥ ಆಕಾರವಾದ್ದರಿಂದ ಫ್ಲಾಪ್ ಟ್ಯೂಬ್ ಸಲೀಸಾಗಿ ತಿರುಗುತ್ತದೆ. ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯ ಕಿಟ್ ವಿಮಾನಗಳಲ್ಲಿ ಕತೆ ಬೇರೆ. ಟ್ಯಾಂಕು ರೆಕ್ಕೆಯ ಮುಂದಂಚಿನಲ್ಲಿದೆ, ರೆಕ್ಕೆ ತುದಿಯ ಕಡೆಗೆ ಸ್ವಲ್ಪ ಮೇಲೆದ್ದಿದೆ. ನೆಟ್ಟಗಿರುವಾಗ ಪೆಟ್ರೋಲು ಒಡಲ ಪಕ್ಕಕ್ಕೆ ಹರಿದು ಬರುತ್ತದೆ. ಮಗುಚಿದರೆ ತುದಿಯ ಕಡೆಗೆ ಓಡಿಹೋಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಒಂದೇ ರೆಕ್ಕೆಯಲ್ಲಿ ಫ್ಲಾಪ್ ಟ್ಯೂಬ್ ಹಾಕಿ, ಅದಿರುವ ಕೋಣೆಗೆ ಒಳಮುಖವಾಗಿ ಮಾತ್ರ ತೆರೆಯುವ ತಗಡಿನ ಪುಟ್ಟ ಬಾಗಿಲು ಕೂರಿಸುತ್ತಾರೆ. ಒಳಬಂದ ಪೆಟ್ರೋಲು ಅಲ್ಲೇ ಉಳಿಯುತ್ತದೆ. ಕಸರತ್ತಿನ ನಡುವೆ ಭಾರದ ತುದಿ ಟ್ಯಾಂಕಿನ ಮುಂದಿನ ಸಂದಿಗೆ ಹೋಗಿ ಸಿಲುಕಿದರೆ, ಆಮೇಲೆ ನೆಟ್ಟಗೆ ಹಾರುವಾಗಲೂ ಗಾಳಿಯನ್ನೇ ಹೀರಬಹುದು. ಹಾಗಾಗದಂತೆ ತಡೆಯುವ ಪಟ್ಟಿಯನ್ನೂ ಒಳಗೆ ಕೂರಿಸಬೇಕು. ಟ್ಯಾಂಕು ಮುಚ್ಚಿ ಸೀಲ್ ಮಾಡುವ ಮುನ್ನ ಅದನ್ನು ಕೈಯಲ್ಲೆತ್ತಿ ಎಲ್ಲ ದಿಕ್ಕಿಗೂ ತಿರುಗಿಸಿ, ಪ್ರತಿ ಸಲವೂ ಭಾರ ಬೀಳುವ ಸದ್ದು ಕೇಳಿಸಿಕೊಳ್ಳುವುದು ಕಟ್ಟುವವರ ರೂಢಿ. ಯಾವ ಮಾಪಕಕ್ಕಿಂತಲೂ ಆ ಸದ್ದನ್ನೇ ನಂಬಬಹುದು.

ಇನ್ನೊಂದು ಬಗೆ ಹೆಡರ್ ಟ್ಯಾಂಕ್. ರೆಕ್ಕೆಯ ದೊಡ್ಡ ಟ್ಯಾಂಕುಗಳು ಹೇಗಿದ್ದವೋ ಹಾಗೇ ಇರುತ್ತವೆ. ಅವುಗಳಿಂದ ಸದಾ ತುಂಬಿಕೊಳ್ಳುವ ಪುಟ್ಟ ಟ್ಯಾಂಕೊಂದನ್ನು ಎಂಜಿನ್ ಹತ್ತಿರ ಇಟ್ಟು, ಮಗುಚಿದಾಗ ಅದರಿಂದ ಮಾತ್ರ ಎಳೆಯುವುದು. ಅಮೆರಿಕದ ಡೆಕಾಥ್ಲಾನ್ ಇದರ ಪ್ರಸಿದ್ಧ ಉದಾಹರಣೆ: ಹೆಡರ್‌ನಲ್ಲಿ ಸುಮಾರು ಒಂದೂವರೆ ಗ್ಯಾಲನ್, ಅಂದರೆ ಐದೂಮುಕ್ಕಾಲು ಲೀಟರ್. 180 ಅಶ್ವಶಕ್ತಿಯ ಎಂಜಿನ್ ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ಲೆಕ್ಕ ಐದು ನಿಮಿಷ ಅಂದರೂ ಅನುಮತಿ ಇರುವುದು ಎರಡೇ ನಿಮಿಷಕ್ಕೆ. ಟ್ಯಾಂಕಿನಲ್ಲಿರುವುದೆಲ್ಲ ಎಳೆಯಲು ಸಿಗುವುದಿಲ್ಲ, ಎಂಜಿನ್ ನಿಲ್ಲುವವರೆಗೆ ಕಾಯುವುದೂ ಸಲ್ಲ. ತರಬೇತಿ ಶಾಲೆಯ ವಿಮಾನಕ್ಕೆ ಎರಡು ನಿಮಿಷ ಧಾರಾಳ. ಸ್ಪರ್ಧೆಗೆ ಹೋಗುವವರು ಫ್ಲಾಪ್ ಟ್ಯೂಬನ್ನೇ ಆರಿಸುತ್ತಾರೆ. ಎಕ್ಸ್‌ಟ್ರಾ 300ರಂಥ ವಿಮಾನಗಳಲ್ಲಿ ಒಡಲ ಟ್ಯಾಂಕು ಕಸರತ್ತಿಗೆ, ರೆಕ್ಕೆಯ ಟ್ಯಾಂಕುಗಳು ಊರಿಂದೂರಿಗೆ ಹೋಗಲು.

ಹೊಸಬರು ಮರೆಯುವುದು ಗಾಳಿಕೊಳವೆಯನ್ನು. ಪೆಟ್ರೋಲು ಹೊರಹೋದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು, ಇಲ್ಲದಿದ್ದರೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ, ತೆಳು ತಗಡಾದರೆ ಒಳಕ್ಕೆ ಚಪ್ಪಟೆಯಾದೀತು. ಗಾಳಿಕೊಳವೆಯ ಬಾಯಿ ಟ್ಯಾಂಕಿನ ನೆತ್ತಿಯಲ್ಲಿರುತ್ತದೆ. ಮಗುಚಿದಾಗ ಅದೇ ಪೆಟ್ರೋಲಿನಲ್ಲಿ ಮುಳುಗುತ್ತದೆ. ಪರಿಹಾರ ಜಾಣತನದ್ದು. ನೆತ್ತಿಯಿಂದ ಹೊರಟ ಕೊಳವೆಯನ್ನು ಟ್ಯಾಂಕಿನ ಪಕ್ಕದಲ್ಲೇ ಕೆಳಗಿಳಿಸಿ ವಿಮಾನದ ಹೊಟ್ಟೆಯಲ್ಲಿ ಹೊರಬಿಡುತ್ತಾರೆ. ಮಗುಚಿದರೆ ಹೊಟ್ಟೆಯೇ ಮೇಲಾಗುವುದರಿಂದ ಹೊರಬಾಯಿ ಪೆಟ್ರೋಲಿನ ಮಟ್ಟಕ್ಕಿಂತ ಎತ್ತರದಲ್ಲಿ ಉಳಿಯುತ್ತದೆ: ಪೆಟ್ರೋಲು ಚೆಲ್ಲುವುದಿಲ್ಲ, ಗಾಳಿ ಗುಳ್ಳೆಗುಳ್ಳೆಯಾಗಿ ಒಳಬರುತ್ತದೆ. ತುಂಬುವ ಮುಚ್ಚಳವೂ ಆಗ ಮುಳುಗಿರುತ್ತದೆ. ಅದರ ರಬ್ಬರ್ ಬಳೆ ಸವೆದಿದ್ದರೆ ಪೆಟ್ರೋಲಿನ ಎಳೆ ಗಾಜಿನ ಮೇಲೆ ಹರಿಯುವುದು ಖಂಡಿತ.

ಎಂಜಿನ್ ಬಳಿಯ ಆಯ್ಕೆಗಳು

ಟ್ಯಾಂಕು ಸರಿಹೋದ ಮೇಲೆ ಫ್ಲೋಟ್ ಇಲ್ಲದ ಅಳತೆ ಯಂತ್ರ ಬೇಕು. ಹಳೆಯ ದಾರಿ ಬೆಂಡಿಕ್ಸ್‌ನ ಪ್ರೆಷರ್ ಕಾರ್ಬೊರೇಟರ್. ಬಟ್ಟಲಿನ ಬದಲು ಪೊರೆಗಳ ಒತ್ತಡದಿಂದ ಪೆಟ್ರೋಲು ಅಳೆಯುವಂಥದ್ದು. ಮೊದಮೊದಲ ಪಿಟ್ಸ್‌ಗಳಲ್ಲಿ ಹೆಸರು ಮಾಡಿತ್ತು, ಈಗ ಬಿಡಿಭಾಗ ಹುಡುಕಿದವರಿಗೇ ಗೊತ್ತು. ಹವ್ಯಾಸಿಗಳಲ್ಲಿ ಎಲಿಸನ್ ಥ್ರಾಟಲ್ ಬಾಡಿಗೂ ಅಭಿಮಾನಿಗಳುಂಟು. ಅದು ಹಗುರ, ಭಾಗ ಕಡಿಮೆ, ಫ್ಲೋಟ್ ಇಲ್ಲ. ಆದರೆ ಒಳಬರುವ ಗಾಳಿಯ ದಾರಿ ವಕ್ರವಾಗಿದ್ದರೆ ಸಿಲಿಂಡರ್‌ಗಳಿಗೆ ಮಿಶ್ರಣ ಸಮನಾಗಿ ಹಂಚುವುದಿಲ್ಲ. ಎಂಜಿನ್ ಯಾಕೆ ಒರಟಾಗಿದೆ ಎಂದು ಪೆಟ್ರೋಲಿನಲ್ಲಿ ಹುಡುಕುವವನಿಗೆ ಉತ್ತರ ಗಾಳಿಪೆಟ್ಟಿಗೆಯಲ್ಲಿ ಸಿಗುತ್ತದೆ.

ಕಸರತ್ತಿನ ಲೋಕ ಬಹುಪಾಲು ನೆಲೆನಿಂತದ್ದು ಬೆಂಡಿಕ್ಸ್ ಆರ್‌ಎಸ್‌ಎ ಮಾದರಿಯ ಯಾಂತ್ರಿಕ ಇಂಜೆಕ್ಷನ್ ಮೇಲೆ. ಎಂಜಿನ್ ಸೇದುವ ಗಾಳಿಯನ್ನು ಸರ್ವೋ ಅಳೆಯುತ್ತದೆ. ಅದಕ್ಕೆ ತಕ್ಕ ಪೆಟ್ರೋಲು ಎಂಜಿನ್ ನೆತ್ತಿಯ ಹಂಚುಗುಂಡಿಗೆ ಬಂದು, ಅಲ್ಲಿಂದ ಸಣ್ಣ ಉಕ್ಕಿನ ನಾಳಗಳಲ್ಲಿ ಪ್ರತಿ ಸಿಲಿಂಡರಿನ ಬಾಗಿಲಿಗೆ ಹೋಗುತ್ತದೆ. ಕಾರ್ಬೊರೇಟರಿಗೆ ಕೆಲವೇ ಪಿಎಸ್‌ಐ ಒತ್ತಡ ಸಾಕು, ಇದಕ್ಕೆ ಇಪ್ಪತ್ತರ ಮೇಲೆ ಬೇಕು. ಆದ್ದರಿಂದ ಎಂಜಿನ್ ತಿರುಗಿಸುವ ಪಂಪಿನ ಜತೆಗೆ ವಿದ್ಯುತ್ ಪಂಪನ್ನೂ ಇಡುತ್ತಾರೆ. ಈಚಿನ ಕಿಟ್‌ಗಾರರು ಕಾರಿನ ಬಗೆಯ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿಗೂ ಹೋಗುತ್ತಿದ್ದಾರೆ. ಮಿಶ್ರಣ ನಿಖರ, ಸ್ಟಾರ್ಟ್ ಮಾಡುವುದು ಸುಲಭ. ಆದರೆ ಬ್ಯಾಟರಿ ಹೋದರೆ ಎಂಜಿನ್ನೂ ಹೋಯಿತು, ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳಲು ಇನ್ನೊಂದು ಕೊಳವೆಯೂ ಬೇಕು. ತಲೆಕೆಳಗಾಗಿ ಹಾರಬೇಕೆನ್ನುವವನಿಗೆ ಇಂದಿಗೂ ಯಾಂತ್ರಿಕ ಇಂಜೆಕ್ಷನ್ನೇ ಕಡಿಮೆ ತಲೆನೋವಿನ ದಾರಿ.

ಪೆಟ್ರೋಲಿನಷ್ಟೇ ಮುಖ್ಯ ಎಂಜಿನ್ ಆಯಿಲ್. ಮಗುಚಿದಾಗ ಆಯಿಲ್ ತೊಟ್ಟಿ ಬಿಟ್ಟು ಕ್ರ್ಯಾಂಕ್‌ಕೇಸಿನ ನೆತ್ತಿಗೆ ಸೇರುತ್ತದೆ, ಬ್ರೀದರ್ ಕೊಳವೆಯಿಂದ ಹೊರಗೂ ಹೋಗುತ್ತದೆ. ಫ್ರ್ಯಾಂಕ್ ಕ್ರಿಸ್ಟೆನ್ಸನ್ ಅವರ ಕ್ರಿಸ್ಟೆನ್ ಕಂಪನಿ ಜನಪ್ರಿಯಗೊಳಿಸಿದ ವ್ಯವಸ್ಥೆಯಲ್ಲಿ ಗುಂಡುಗಳಿರುವ ಕವಾಟ ಒಂದಿದೆ. ಗುಂಡು ತನ್ನ ತೂಕಕ್ಕೆ ತಾನೇ ಉರುಳಿ, ಬರಿದಾದ ಕಡೆಯ ದಾರಿ ಮುಚ್ಚಿ ಆಯಿಲ್ ಇರುವ ಕಡೆಯದನ್ನು ತೆರೆಯುತ್ತದೆ. ಪೆಟ್ರೋಲು ನಿಂತರೆ ಎಂಜಿನ್ ನಿಲ್ಲುತ್ತದೆ, ಮತ್ತೆ ಶುರುವಾಗಲೂಬಹುದು. ಆಯಿಲ್ ನಿಂತರೆ ಬೇರಿಂಗ್ ಸುಡುತ್ತದೆ.

ಒಂದೇ ವಂಶದ ಎಂಜಿನ್, ಎರಡು ಹಣೆಬರಹ

2013ರ ಏರೋ ಇಂಡಿಯಾದಲ್ಲಿ ಯಲಹಂಕದ ಆಕಾಶಕ್ಕೆ ಜೆಕ್ ದೇಶದ ಫ್ಲೈಯಿಂಗ್ ಬುಲ್ಸ್ ತಂಡ ಬಂದಿತ್ತು. ರಾಡ್ಕಾ ಮಾಖೋವಾ ಮುಂದಾಳು, ವಿಮಾನ ಝ್ಲಿನ್ 50. ಕೆಲವು ವಿಮಾನ ನೆಟ್ಟಗೆ, ಕೆಲವು ಅವುಗಳ ಮೇಲೆ ಮಗುಚಿಕೊಂಡು, ಕನ್ನಡಿಯ ಬಿಂಬದಂತೆ ಹಾರುವುದು ಆ ತಂಡದ ಹೆಗ್ಗುರುತು. ಅವುಗಳ ಮೂಗಿನಲ್ಲಿದ್ದುದು ಲೈಕೋಮಿಂಗ್ ಎಇಐಒ-540, 300 ಅಶ್ವಶಕ್ತಿ.

ಅದೇ ಎಂಜಿನ್ನಿನ 260 ಅಶ್ವಶಕ್ತಿಯ ತಮ್ಮ ಎಚ್‌ಎಎಲ್ ವಿನ್ಯಾಸಗೊಳಿಸಿದ ಎಚ್‌ಪಿಟಿ-32 ದೀಪಕ್ ವಿಮಾನದಲ್ಲಿತ್ತು. 1977ರ ಜನವರಿ 6ರಂದು ಮೊದಲು ಹಾರಿ, 1984ರಿಂದ ವಾಯುಪಡೆಯ ಹೊಸ ಪೈಲಟ್‌ಗಳಿಗೆ ಓನಾಮ ಕಲಿಸಿದ, ಇಬ್ಬರು ಅಕ್ಕಪಕ್ಕ ಕೂರುವ ವಿಮಾನ. ಎಂಜಿನ್ ಕಸರತ್ತಿನದು, ಇಂಜೆಕ್ಷನ್ ಇದೆ, ಕಾಗದದ ಮೇಲೆ ಯಾವ ಕೊರತೆಯೂ ಇಲ್ಲ. ಆದರೂ ಎಂಜಿನ್ ಗಾಳಿಯಲ್ಲೇ ನಿಲ್ಲುವುದು ಅದರ ಬೆನ್ನು ಬಿಡದ ಪೀಡೆಯಾಯಿತು. ಬೊಟ್ಟು ಹೋದದ್ದು ಇಂಧನ ವ್ಯವಸ್ಥೆಯ ಕಡೆಗೆ. 17 ಅಪಘಾತಗಳಲ್ಲಿ 19 ಪೈಲಟ್‌ಗಳು ಜೀವ ಕಳೆದುಕೊಂಡರು. 2009ರ ಜುಲೈ 31ರಂದು ಇಬ್ಬರು ಬೋಧಕ ಪೈಲಟ್‌ಗಳು ಸತ್ತ ಮೇಲೆ ಇಡೀ ಪಡೆಯನ್ನು ನೆಲಕ್ಕಿಳಿಸಲಾಯಿತು. ವಿಮಾನಕ್ಕೇ ಪ್ಯಾರಾಶೂಟ್ ಕಟ್ಟುವ ಯೋಚನೆ ಕೂಡ ಬಂದಿತ್ತು. ರೋಗಕ್ಕಲ್ಲದೆ ಬೀಳುವುದಕ್ಕೆ ಕೊಟ್ಟ ಮದ್ದು ಅದು. 2013ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಪಿಸಿ-7 ಆ ಜಾಗಕ್ಕೆ ಬಂತು. ಕಟ್ಟುವವರು ದುಬಾರಿ ಎಂಜಿನ್ನಿನ ಹೆಸರಿಗೆ ಮಾರುಹೋಗುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗಿನ ಹತ್ತಡಿ ಕೊಳವೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಂಗಳೂರಿನ ಹಗುರ ವಿಮಾನಗಳು

ಕಿಟ್ ವಿಮಾನದ ಲೋಕಕ್ಕೆ ಬೆಂಗಳೂರಿನ ಕೊಡುಗೆ ಫ್ರಾನ್ಸಿನ ಜೋಯೆಲ್ ಕೋಕ್ಲಾನ್ ಕಟ್ಟಿದ ರಾಜಹಂಸ ಅಲ್ಟ್ರಾಲೈಟ್ಸ್. ಅದರ ಎಕ್ಸ್-ಏರ್ ವಿಮಾನಗಳು ಕಿಟ್ ರೂಪದಲ್ಲಿ ಹೊರದೇಶಗಳಿಗೆ ಹೋಗಿ ಅಲ್ಲಿನ ಶೆಡ್ಡುಗಳಲ್ಲಿ ಜೋಡಣೆಗೊಂಡವು. ಬಟ್ಟೆ ಹೊದ್ದ ರೆಕ್ಕೆ, ಕಡಿಮೆ ವೇಗ, ಫ್ಲೋಟ್ ಕಾರ್ಬೊರೇಟರಿನ ಎಂಜಿನ್. ಕಸರತ್ತಿಗಲ್ಲ, ಸಂಜೆ ಹೊತ್ತು ಹೊಲಗಳ ಮೇಲೆ ಸುತ್ತಾಡಲು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಹಂಸ ವಿಮಾನದ ಹೊಸ ಆವೃತ್ತಿ ಹಂಸ-ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಹಾರಿತು. ಅದರ ರೋಟಾಕ್ಸ್ 912 ಐಎಸ್ ಎಂಜಿನ್‌ನಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದೆ. ಇಂಜೆಕ್ಷನ್ ಇದ್ದ ಮೇಲೆ ಮಗುಚಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಆಗದು. 912 ವಂಶದ ಎಂಜಿನ್‌ಗಳಿಗೆ ನೆಗೆಟಿವ್ ಜಿ ಅನುಮತಿ ಅರ್ಧ ಜಿಯಷ್ಟು, ಅದೂ ಐದು ಸೆಕೆಂಡು. ಕಾರಣ ಪೆಟ್ರೋಲಲ್ಲ, ಆಯಿಲ್ ಮರಳುವ ಬಗೆ ಮತ್ತು ಆಯಿಲ್ ಟ್ಯಾಂಕಿನ ತಳದ ತೂಬು.

ಬಿಸಿಲು ಮತ್ತು ಎಥನಾಲ್

ಬಳ್ಳಾರಿ, ವಿಜಯನಗರ ಜಿಲ್ಲೆಗಳ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಎಂಜಿನ್ ಕವಚದೊಳಗಿನ ಕೊಳವೆಯಲ್ಲಿ ಪೆಟ್ರೋಲು ಕುದ್ದು ಆವಿಯಾದರೆ ಪಂಪು ಆವಿಯನ್ನೇ ತಳ್ಳುತ್ತ ನಿಲ್ಲುತ್ತದೆ. ಇದೇ ವೇಪರ್ ಲಾಕ್. ಪಂಪಿಗಿಂತ ಮೇಲೆ ಟ್ಯಾಂಕಿದ್ದರೆ ಪೆಟ್ರೋಲಿನ ತೂಕವೇ ಸ್ವಲ್ಪ ನೆರವಾಗುತ್ತದೆ. ಕೆಳಗಿನ ಟ್ಯಾಂಕಿನಿಂದ ಎಂಜಿನ್ ಪಂಪು ಹೀರಿ ಎತ್ತಬೇಕಾದರೆ ಒತ್ತಡ ತಗ್ಗಿ ಆವಿಯಾಗುವುದು ಇನ್ನೂ ಬೇಗ. ಅದಕ್ಕಾಗಿ ವಿದ್ಯುತ್ ಪಂಪನ್ನು ಟ್ಯಾಂಕಿನ ಹತ್ತಿರ, ತಂಪಾದ ಕಡೆ ಇಡುವುದು ಒಳ್ಳೆಯದು. ವಿಮಾನದ ಪೆಟ್ರೋಲಾದ ಆವ್‌ಗ್ಯಾಸ್ 100 ಎಲ್‌ಎಲ್‌ನ ಆವಿಯೊತ್ತಡವನ್ನು 38ರಿಂದ 49 ಕಿಲೊಪಾಸ್ಕಲ್ ಒಳಗೆ ಹಿಡಿದಿರುತ್ತಾರೆ. ಮೋಟಾರ್ ಪೆಟ್ರೋಲು ಅದಕ್ಕಿಂತ ಚುರುಕಾಗಿ ಆವಿಯಾಗುತ್ತದೆ. ಇಂಡಿಯನ್ ಆಯಿಲ್ 2022ರಲ್ಲಿ ಸ್ವದೇಶಿ ಆವ್‌ಗ್ಯಾಸ್ ಬಿಡುಗಡೆ ಮಾಡುವವರೆಗೆ ಇದು ಆಮದಿನ ಸರಕಾಗಿತ್ತು.

ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡ 20 ಎಥನಾಲ್. ಕಂಪ್ಲಿ ಸುತ್ತಲಿನ ಕಬ್ಬು ಬೆಳೆಗಾರರಿಗೆ ಎಥನಾಲ್ ಬೇಡಿಕೆ ಹಿತವೇ ಇರಬಹುದು, ಫ್ಲಾಪ್ ಟ್ಯೂಬಿಗಲ್ಲ. ಎಥನಾಲ್ ಹಲವು ಬಗೆಯ ರಬ್ಬರನ್ನು ಊದಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಹಳೆಯ ಕೊಳವೆಯದು ಇನ್ನೊಂದು ಕಾಯಿಲೆ: ವರ್ಷ ಕಳೆದಂತೆ ಗಡುಸಾಗಿ ಬಾಗುವುದನ್ನೇ ಮರೆಯುತ್ತದೆ. ಬಾಗದ ಫ್ಲಾಪ್ ಟ್ಯೂಬ್ ನೆಟ್ಟಗೆ ಹಾರುವಾಗ ಚೆನ್ನಾಗಿಯೇ ಕೆಲಸ ಮಾಡುವುದರಿಂದ ದೋಷ ಗೊತ್ತಾಗುವುದು ಮಗುಚಿದ ಮೇಲೆ. ವಾರ್ಷಿಕ ತಪಾಸಣೆಯಲ್ಲಿ ಅದನ್ನು ಬಿಚ್ಚಿ ಕೈಯಲ್ಲಿ ಬಾಗಿಸಿ ನೋಡಬೇಕು, ಸಂಶಯ ಬಂದರೆ ಬದಲಿಸಬೇಕು.

ಜೆಟ್ ವಿಮಾನಗಳು

ಜೆಟ್‌ಗಳಲ್ಲಿ ಕಾರ್ಬೊರೇಟರಿನ ಕಾಟವಿಲ್ಲ, ಆದರೆ ಟ್ಯಾಂಕಿನ ಪ್ರಶ್ನೆ ಹಾಗೇ ಉಳಿಯುತ್ತದೆ. ನಿಮಿಷಕ್ಕೆ ಹಲವು ಲೀಟರ್ ಕುಡಿಯುವ ಎಂಜಿನ್‌ಗೆ ಫ್ಲಾಪ್ ಟ್ಯೂಬ್ ಸಾಲದು. ಪಂಪಿನ ಸುತ್ತ ಒಮ್ಮುಖ ಕವಾಟಗಳ ಕೋಣೆ ಕಟ್ಟುವುದು, ಇಲ್ಲವೇ ಗಾಳಿಯ ಒತ್ತಡದಿಂದ ಇಂಧನ ಹೊರದೂಡುವ ಸಣ್ಣ ಸಂಚಯಕ ಇಡುವುದು ಇಲ್ಲಿನ ಪದ್ಧತಿ. ಎರಡೂ ಸೆಕೆಂಡುಗಳ ಲೆಕ್ಕದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜೆಟ್‌ಗಳಲ್ಲಿ ಕಸರತ್ತು ತೋರಿಸುವ, 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ ವಾಯುಪಡೆಯ ಸೂರ್ಯಕಿರಣ್ ತಂಡ ಮೊದಲು ಎಚ್‌ಎಎಲ್‌ನ ಕಿರಣ್ ಮಾರ್ಕ್-2ರಲ್ಲಿ ಹಾರುತ್ತಿತ್ತು, 2011ರ ವಿರಾಮದ ನಂತರ ಬೆಂಗಳೂರಿನಲ್ಲೇ ತಯಾರಾದ ಹಾಕ್‌ನಲ್ಲಿ ಹಾರುತ್ತಿದೆ.

ದೀಪಕ್‌ನ ಜಾಗಕ್ಕೆಂದೇ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 2016ರ ಮೇ 31ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. 2023ರ ಮಾರ್ಚಿನಲ್ಲಿ 70 ವಿಮಾನಗಳಿಗೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಅದರ ಹನಿವೆಲ್ ಟಿಪಿಇ-331 ಟರ್ಬೊಪ್ರಾಪ್ ಕುಡಿಯುವುದು ಜೆಟ್ ಇಂಧನ. ಸೀಮೆಎಣ್ಣೆ ಜಾತಿಯ ಈ ಇಂಧನ ಬಿಸಿಲಿಗೆ ಪೆಟ್ರೋಲಿನಂತೆ ಆವಿಯಾಗುವುದಿಲ್ಲ.